ಟವೆಲಿನ ಕೆಳಗಿನ ಕೈ

ಗುರು ಅಂದ ಕೂಡಲೇ ಕಾವಿ, ಜಡೆ, ಹುಲಿಚರ್ಮ ಅಂತೆಲ್ಲ ಊಹಿಸಿಕೊಂಡು ಕೂರಬೇಡಿ. ಈ ಗುರುಗಳ ಹತ್ತಿರ ಇದ್ದದ್ದು ಎರಡು ಪಂಚೆ, ಒಂದು ಕನ್ನಡಕ, ಗೋಡೆಯ ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು.

ಹೆಸರು ಗುರುಶಾಂತಯ್ಯ. ಮೂವತ್ತು ವರ್ಷ ವಕೀಲಿಕೆ ಮಾಡಿದವರು. ಕೊಲೆ, ಕಳವಿನ ಕೇಸು ಮುಟ್ಟಿದವರಲ್ಲ. ವ್ಯಾಪಾರಸ್ಥರ ನಡುವಿನ ಒಪ್ಪಂದಗಳನ್ನು ಬರೆಯುವುದೇ ಅವರ ಕಸುಬು. ಅವರು ಬರೆದ ಕಾಗದಕ್ಕೆ ಸಹಿ ಹಾಕಿದ ಇಬ್ಬರು ಮುಂದೆ ಜಗಳಾಡಿ ಕೋರ್ಟು ಹತ್ತಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ.

ವಯಸ್ಸಾದ ಮೇಲೆ ಹೊಳೆ ದಂಡೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡರು. ಅವರು ಕೋರ್ಟು ಬಿಟ್ಟರೂ ಜನ ಅವರನ್ನು ಬಿಡಲಿಲ್ಲ. ಎಣ್ಣೆ ಗಿರಣಿಯವರು, ಬೀಜದ ಕಂಪನಿಯವರು, ಮೆಣಸಿನಕಾಯಿ ವರ್ತಕರು ಅಲ್ಲಿಗೇ ಬಂದರು. ಕಾನೂನು ಓದುವ ಹುಡುಗ ಹುಡುಗಿಯರೂ ಬಂದರು. ಊರವರು ತಮಾಷೆಗೆ ಆ ಮನೆಯನ್ನು ಆಶ್ರಮ ಅಂದರು, ಆ ಹೆಸರೇ ಅಂಟಿಕೊಂಡಿತು.

ನಾನು ಆ ಆಶ್ರಮದಲ್ಲಿ ಮೂರು ವರ್ಷ ಇದ್ದವನು. ಈ ಕಥೆಯನ್ನು ಹೇಳಬಹುದು ಅಂತ ಗುರುಗಳೇ ಅಪ್ಪಣೆ ಕೊಟ್ಟಿದ್ದರು, ಎರಡು ಹೆಸರು ಮತ್ತು ಕೆಲವು ಅಂಕಿಗಳನ್ನು ಬಿಟ್ಟು. ಆ ಹೆಸರುಗಳು ನನಗೆ ಗೊತ್ತು, ಹೇಳುವುದಿಲ್ಲ. ಅಂಕಿಗಳು ನನಗೂ ಗೊತ್ತಿಲ್ಲ.

ಕಸ್ತೂರಿ ನನ್ನ ಜೊತೆ ಕಲಿಯುತ್ತಿದ್ದವಳು. ಕಾನೂನು ಕಾಲೇಜಿನ ಕೊನೆಯ ವರ್ಷ. ಎರಡು ವರ್ಷದ ಹಿಂದೆ, ಮೊದಲ ದಿನ, ಅವಳ ಅಪ್ಪ ಫಕೀರಪ್ಪ ಬೈಕಿನ ಮೇಲೆ ಕರೆತಂದು ಬಿಟ್ಟಿದ್ದ. ಗೇಟಿನ ಒಳಗೆ ಕಾಲಿಡಲಿಲ್ಲ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಅಲ್ಲಿಂದಲೇ ಕೈಮುಗಿದು, ಹೊರಟುಬಿಟ್ಟ.

ಗುರುಗಳು ಕುರ್ಚಿಯಿಂದ ಎದ್ದರು. ಬೈಕಿನ ಸದ್ದು ಪೂರ್ತಿ ಅಡಗುವ ತನಕ ನಿಂತೇ ಇದ್ದರು.

ಅವರಿಗೆ ಮೊಣಕಾಲು ನೋವು. ಶಾಸಕರು ಬಂದರೂ ಕೂತಲ್ಲಿಂದಲೇ "ಬರ್ರಿ" ಅನ್ನುವವರು. ಕೂತು ಕೂತು ಕಾಲು ಜೋಮು ಹಿಡಿದಿರಬೇಕು ಅಂದುಕೊಂಡು ನಾನು ಸುಮ್ಮನಾದೆ. ಜಾಣ ನಾನು!

ಮುಂಬಯಿಯಲ್ಲಿ ಒಂದು ದೊಡ್ಡ ಕಾನೂನು ಸಂಸ್ಥೆ. ಒಂದು ಕಂಪನಿ ಇನ್ನೊಂದು ಕಂಪನಿಯನ್ನು ಕೊಳ್ಳುವಾಗ ಕಾಗದಪತ್ರ ಬರೆದುಕೊಡುವವರು ಅವರು. ವರ್ಷಕ್ಕೊಮ್ಮೆ ಇಡೀ ದೇಶದಿಂದ ಎಂಟೇ ಮಂದಿಯನ್ನು ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ಅರ್ಜಿಯ ಜೊತೆ ಒಂದು ಪತ್ರ ಬರೆಯಬೇಕು: ನೀವು ಯಾರು, ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು. ಕಲಿಸಿದವರೊಬ್ಬರ ಶಿಫಾರಸೂ ಬೇಕು, ಅಂಟಿಸಿದ ಲಕೋಟೆಯಲ್ಲಿ.

ಕಸ್ತೂರಿಗೆ ಅದು ಬೇಕೇ ಬೇಕಿತ್ತು. ಬೇರೆಲ್ಲೂ ಅರ್ಜಿ ಹಾಕಿರಲಿಲ್ಲ. ಅದು ತಪ್ಪಿದರೆ ಸೋದರಮಾವ ಹುಡುಕಿಟ್ಟ ವರನಿಗೆ ಹ್ಞೂಂ ಅನ್ನುವುದು ಅಂತ ಮನೆಯಲ್ಲಿ ಮಾತಾಗಿತ್ತು. ವರನಿಗೆ ವಕೀಲಿಕೆ ಮಾಡುವ ಹೆಂಡತಿ ಬೇಡವಂತೆ.

ಒಂದು ಸೋಮವಾರ ಬೆಳಿಗ್ಗೆ ಅವಳು ಪತ್ರ ಬರೆದುಕೊಂಡು ಬಂದಳು. ಶುಕ್ರವಾರ ಕೊನೆಯ ದಿನ. ನಾನು ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

"ಓದವ್ವ," ಅಂದರು ಗುರುಗಳು.

ಪತ್ರ ಇಂಗ್ಲಿಷಿನಲ್ಲಿತ್ತು. ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು.

"ಬಾಲ್ಯದಿಂದಲೂ ನನಗೆ ವಾಣಿಜ್ಯ ಕಾನೂನಿನ ಬಗ್ಗೆ ಅಪಾರ ಪ್ರೀತಿ..."

"ಬಾಲ್ಯದಾಗ ಕುಂಟಬಿಲ್ಲೆ ಆಡ್ಲಿಲ್ಲೇನು?"

"ಆಡೀನ್ರಿ."

"ಲಗೋರಿ?"

"ಅದನ್ನೂ ಆಡೀನ್ರಿ."

"ಮತ್ತ ಈ ಪ್ರೀತಿ ಯಾವಾಗ ಮಾಡಿದಿ?"

ನಾನು ಕಿಸಕ್ಕನೆ ನಕ್ಕೆ. ಅವಳು ನನ್ನನ್ನು ದುರುಗುಟ್ಟಿ ನೋಡಿ ಆ ಸಾಲು ಹೊಡೆದುಹಾಕಿದಳು.

"ನಿಮ್ಮ ಸಂಸ್ಥೆಯೇ ದೇಶದಲ್ಲಿ ಶ್ರೇಷ್ಠವಾದುದೆಂದು ನಾನು ಬಲ್ಲೆ..."

"ಅದು ಅವರಿಗೂ ಗೊತ್ತಿರ್ತೈತಿ. ಮುಂದ."

ಅದೂ ಹೋಯಿತು.

"ತಂದೆಯ ಉದ್ಯೋಗ, ವ್ಯಾಪಾರ."

"ಏನ್ ವ್ಯಾಪಾರ?"

ಕಸ್ತೂರಿ ಕಾಗದದಿಂದ ತಲೆ ಎತ್ತಲಿಲ್ಲ. "ಇಷ್ಟ ಬರದ್ರ ಸಾಕಲ್ರಿ, ಗುರುಗಳ."

ಫಕೀರಪ್ಪ ದನದ ಸಂತೆಯ ದಲ್ಲಾಳಿ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನು. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಕಸ್ತೂರಿ "ಕೃಷಿಗೆ ಸಂಬಂಧಪಟ್ಟ ವ್ಯವಹಾರ" ಅನ್ನುತ್ತಿದ್ದಳು. ಅವಳ ಬಟ್ಟೆಗೆ ಸಗಣಿಯ ವಾಸನೆ ಬರುತ್ತದೆ ಅಂತ ಶಾಲೆಯಲ್ಲಿ ಯಾರೋ ಅಂದದ್ದು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

ಗುರುಗಳು ಆ ಮಾತು ಬೆಳೆಸಲಿಲ್ಲ. "ಆತು. ಮುಂದ."

ಕಸ್ತೂರಿ ಸರಿಯಾಗಿ ಕೂತಳು. ಧ್ವನಿ ಏರಿತು. ಇಡೀ ಪತ್ರದಲ್ಲಿ ಅವಳಿಗೆ ಹೆಮ್ಮೆ ಇದ್ದದ್ದು ಇದೊಂದರ ಬಗ್ಗೆ.

"ಇತ್ತೀಚೆಗೆ ನಮ್ಮ ಭಾಗದ ಹೆಸರಾಂತ ಬೀಜದ ಕಂಪನಿಯ ಅರ್ಧ ಪಾಲನ್ನು ಹೊರಗಿನ ದೊಡ್ಡ ಕಂಪನಿಯೊಂದು ಕೊಳ್ಳುವ ಒಪ್ಪಂದ ಸಿದ್ಧವಾಗುವಾಗ ನಾನು ಗುರುಗಳ ಪಕ್ಕದಲ್ಲಿದ್ದೆ..."

ಆಮೇಲೆ ಮಾಲೀಕರ ಹೆಸರು ಓದಿದಳು. ಕೊಳ್ಳುವವರ ಹೆಸರು ಓದಿದಳು. ಎಷ್ಟಕ್ಕೆ ಅನ್ನುವುದನ್ನೂ ಓದಲು ಹೋದಳು, ಗುರುಗಳು ಕೈ ಎತ್ತಿ ತಡೆದರು.

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು.

ಆ ವ್ಯವಹಾರ ಇನ್ನೂ ಮುಗಿದಿರಲಿಲ್ಲ. ಆ ಮಾಲೀಕರು ಮೂರು ಸಲ ಬಂದಿದ್ದರು. ಮೂರು ಸಲವೂ ಕಾರು ದೂರ ನಿಲ್ಲಿಸಿ, ಹೊಳೆಗೆ ಸ್ನಾನಕ್ಕೆ ಬಂದವರ ಹಾಗೆ ಹೆಗಲ ಮೇಲೆ ಒಣಬಟ್ಟೆ ಹಾಕಿಕೊಂಡು ನಡೆದು ಬಂದಿದ್ದರು. ಒಡಹುಟ್ಟಿದ ತಮ್ಮನಿಗೂ ಅವರು ವಿಷಯ ಹೇಳಿರಲಿಲ್ಲ. ಬೀಜ ಬೆಳೆದುಕೊಡುವ ನೂರಾರು ರೈತರಿಗೆ ಅರೆಬರೆ ಸುದ್ದಿ ಹೋದರೆ ಗಾಬರಿಯಾಗುತ್ತದೆ, ಎಲ್ಲ ಕೆಡುತ್ತದೆ ಅಂತ ಅವರು ಹೇಳುವಾಗ ಕಸ್ತೂರಿಯೇ ನೀರು ತಂದುಕೊಟ್ಟಿದ್ದಳು.

ಗುರುಗಳು ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ.

"ನಾಳೆ ಯಾವ ವಾರ?"

"ಮಂಗಳವಾರ್ರಿ."

"ದನದ ಸಂತಿ. ನಿಮ್ಮಪ್ಪಾರ ಕಡೆ ಹೋಗು. ಯಾವದರೆ ಒಂದು ಜೋಡಿ ಎತ್ತು ಎಷ್ಟಕ್ಕ ಮಾರಾಟ ಆತು ಅಂತ ತಿಳ್ಕೊಂಡು ಬಾ."

"ಅರ್ಜಿ, ಗುರುಗಳ?"

"ರೇಟು ತಂದ ಮ್ಯಾಲ."

"ನಿಮ್ಮ ಶಿಫಾರಸು?"

"ಅದೂ ರೇಟು ತಂದ ಮ್ಯಾಲ."

ಕಸ್ತೂರಿಗೆ ನಗು ಬಂತು. "ಇಷ್ಟ ಏನ್ರಿ? ದಲ್ಲಾಳಿ ಮಗಳಿಗೆ ಎತ್ತಿನ ರೇಟು ತರೂದು ದೊಡ್ಡ ಮಾತೇನ್ರಿ?"

ಒಂದು ಗಳಿಗೆಯ ಹಿಂದೆ ಅಪ್ಪನ ಕಸುಬು ಬರೆಯಲು ನಾಚಿದವಳು ಈಗ ದಲ್ಲಾಳಿ ಮಗಳಾಗಿದ್ದಳು. ನಾನು ಬಾಯಿಬಿಡಲಿಲ್ಲ. ಅವರೆಕಾಯಿ ಬಹಳ ಉಳಿದಿತ್ತು.

ಸಂತೆಯಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ನಾನು ಒಂದು ಮಾತೂ ಸೇರಿಸಿಲ್ಲ. ಸರಿ, ಒಂದೆರಡು ಸೇರಿಸಿರಬಹುದು.

ಹತ್ತು ವರ್ಷ ತುಂಬಿದ ಮೇಲೆ ಅವಳು ಆ ಸಂತೆಗೆ ಹೋಗಿರಲಿಲ್ಲ. ಮಗಳು ದನಗಳ ನಡುವೆ ದಾರಿ ಮಾಡಿಕೊಂಡು ಬರುವುದನ್ನು ಕಂಡು ಫಕೀರಪ್ಪ ಓಡಿಬಂದ.

"ಯಾಕವ್ವ? ಮನ್ಯಾಗ ಏನರ ಆತೇನು?"

"ಏನಿಲ್ಲಪ್ಪ. ನೋಡಾಕ ಬಂದೆ."

"ಏನ್ ನೋಡಾಕ?"

"ನಿನ್ನ."

ಫಕೀರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ.

ಆಗ ಒಬ್ಬ ಮುದುಕಿ ಒಂದು ಜೋಡಿ ಎತ್ತು ಹಿಡಿದುಕೊಂಡು ಬಂದಳು. ಹೊಳೆಯಾಚೆಯ ಒಬ್ಬ ರೈತ ಎತ್ತಿನ ಹಲ್ಲು ನೋಡಿದ, ಸುಳಿ ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ. ಸುತ್ತ ಮೂವತ್ತು ನಲವತ್ತು ಮಂದಿ ನೆರೆದರು.

ಫಕೀರಪ್ಪ ಹೆಗಲಿನಿಂದ ಟವೆಲ್ ತೆಗೆದು ತನ್ನ ಬಲಗೈ ಮೇಲೆ ಹೊದಿಸಿಕೊಂಡ. ಕೊಳ್ಳುವವನು ಟವೆಲಿನ ಕೆಳಗೆ ಕೈ ಹಾಕಿದ.

"ಈ ಸಲ ಜ್ವಾಳ ಹ್ಯಾಂಗ?" ಅಂತ ಫಕೀರಪ್ಪ ಕೇಳಿದ.

"ಚಲೋ ಐತ್ರಿ."

"ಹಕ್ಕಿ ಕಾಟ?"

"ಐತ್ರಿ, ಇರೂದ."

ಮೇಲೆ ಜೋಳದ ಮಾತು. ಕೆಳಗೆ ಬೆರಳುಗಳಲ್ಲಿ ರೇಟಿನ ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಕೊಳ್ಳುವವನ ಮೊಣಕೈ ಒಮ್ಮೆ ಜಗ್ಗಿತು. ಮುಖದಲ್ಲಿ ಮಾತ್ರ ಜೋಳವೇ ಇತ್ತು.

ಆಮೇಲೆ ಫಕೀರಪ್ಪ ಮುದುಕಿಯ ಹತ್ತಿರ ಹೋದ. ಅವಳ ಕೈ ಟವೆಲಿನೊಳಗೆ ಹೋಯಿತು.

"ಮೊಮ್ಮಗ ಸಾಲಿಗೆ ಹೊಂಟಾನೇನಬೇ?"

"ಹೊಂಟಾನಪ್ಪ."

ಹೀಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಮೂರು ಸಲ. ಮೂರನೆಯ ಸಲ ಮುದುಕಿಯ ಕಣ್ಣು ತುಂಬಿತು. ಫಕೀರಪ್ಪ ಅವಳಿಗೂ ಜನಕ್ಕೂ ನಡುವೆ ಒಂದು ಹೆಜ್ಜೆ ಸರಿದು ನಿಂತ. ಅವನ ಬೆನ್ನಿನ ಮರೆಯಲ್ಲಿ ಅವಳು ಕಣ್ಣೊರೆಸಿಕೊಂಡಳು, ತಲೆ ಆಡಿಸಿದಳು. ಅವನು ಹಗ್ಗ ತೆಗೆದು ಕೊಳ್ಳುವವನ ಕೈಗಿಟ್ಟ. ವ್ಯಾಪಾರ ಮುಗಿಯಿತು.

ನಲವತ್ತು ಮಂದಿ ಕಣ್ಣುಬಿಟ್ಟುಕೊಂಡು ನೋಡಿದ್ದರು. ಏನಾಯಿತು ಅಂತ ಒಬ್ಬನಿಗೂ ಗೊತ್ತಿರಲಿಲ್ಲ.

ಕಸ್ತೂರಿ ಮೊದಲು ಕೊಂಡವನನ್ನು ಕೇಳಿದಳು. "ಚಲೋ ರೇಟಿಗೆ ಬಂದ್ವು ತಂಗಿ," ಅಂತ ಅವನು ಎತ್ತು ಹೊಡೆದುಕೊಂಡು ಹೋದ.

ಮುದುಕಿಯನ್ನು ಕೇಳಿದಳು. "ನಿಮ್ಮಪ್ಪನ್ನ ಕೇಳವ್ವ," ಅಂದಳು ಮುದುಕಿ.

ಅಪ್ಪನನ್ನು ಕೇಳಿದಳು. "ಎಷ್ಟಕ್ಕ ಹೋದ್ವಪ್ಪ?"

"ಚಾ ಕುಡಿತಿಯೇನು?"

"ಅಪ್ಪಾ, ಎಷ್ಟಕ್ಕ ಹೋದ್ವು ಹೇಳು."

"ಬಿಸಲಾಗ ಬಂದಿ. ಕುಡಿ ಒಂದೀಟು."

ಕಸ್ತೂರಿಗೆ ಅಳು ಬಂತು. ಎಲ್ಲ ಹೇಳಿದಳು. ರೇಟು ತರದಿದ್ದರೆ ಗುರುಗಳು ಪತ್ರ ಕೊಡುವುದಿಲ್ಲ, ಪತ್ರ ಇಲ್ಲದಿದ್ದರೆ ಮುಂಬಯಿ ಇಲ್ಲ. "ನನ್ನ ಜೀವನದ ಪ್ರಶ್ನೆ ಐತಪ್ಪ ಇದು."

ಫಕೀರಪ್ಪ ನೆಲ ನೋಡಿದ. ಅವನ ತುಟಿ ಅಲುಗಿದ್ದನ್ನು ಅವಳು ಕಂಡಳು. ಹೇಳಿಬಿಡುತ್ತಾನೆ ಅಂದುಕೊಂಡಳು.

"ನೀ ಹುಟ್ಟಿದಾಗಿಂದ ನೀ ಕೇಳಿದ್ದಕ್ಕ ಇಲ್ಲ ಅಂದಿಲ್ಲ ನಾನು."

"ಇಲ್ಲಪ್ಪ, ಅಂದಿಲ್ಲ."

"ಇದೊಂದ ಕೇಳಬ್ಯಾಡವ್ವ."

"ನಾ ನಿನ್ನ ಮಗಳಪ್ಪ!"

"ಮಗಳಿಗೆ ಹೇಳಿದ್ರ, ಬರೂ ಮಂಗಳವಾರ ನನ್ನ ಟವೆಲಿನ್ಯಾಗ ಯಾರ್ ಕೈ ಹಾಕ್ತಾರ?"

ಕಸ್ತೂರಿ ಕಣ್ಣೊರೆಸಿಕೊಂಡಳು.

"ಆ ಮುದುಕಿ ಮನ್ಯಾಗ ಇನ್ನೂ ಒಂದು ಆಕಳ ಐತಿ," ಅಂದ ಫಕೀರಪ್ಪ, ಧ್ವನಿ ತಗ್ಗಿಸಿ. "ಈ ಜೋಡಿ ಎಷ್ಟಕ್ಕ ಬಿಟ್ಟಳು ಅಂತ ಸಂತ್ಯಾಗ ಸುದ್ದಿ ಆದ್ರ, ಆಕಿಗೆ ಎಷ್ಟ ಅವಸರ ಐತಿ ಅಂತ ಮಂದಿಗೆ ತಿಳೀತೈತಿ. ನಾಳೆ ಆ ಆಕಳನೂ ಪುಕ್ಕಟೆ ಕೇಳ್ತಾರ. ಬ್ಯಾರೆಯವರ ಅಡಚಣಿ ಅವ್ವ ಅದು. ನನ್ನ ಕೈಗೆ ಬಂದೈತಿ, ನನ್ನ ಬಾಯಿಗೆ ಬರೂದಿಲ್ಲ."

ಆಗ ಅವಳು ಸಂತೆಯನ್ನೊಮ್ಮೆ ನೋಡಿದಳು. ನೂರಾರು ಎತ್ತು, ನೂರಾರು ಹಗ್ಗ. ಮೂವತ್ತೈದು ವರ್ಷದಿಂದ ವಾರ ತಪ್ಪದೆ ಇಲ್ಲಿ ಬಂದು ನಿಂತಿದ್ದಾನೆ ಅಪ್ಪ. ಮದುವೆಗೆ ಮಾರಿದವರು, ಆಸ್ಪತ್ರೆಗೆ ಮಾರಿದವರು, ಮನೆ ಒಡೆದಾಗ ಅಳುತ್ತಾ ಮಾರಿದವರು, ಎಲ್ಲರೂ ಆ ಹಳೆಯ ಟವೆಲಿನ ಕೆಳಗೆ ಕೈ ಹಾಕಿ ಹೋಗಿದ್ದಾರೆ. ಅಷ್ಟೂ ಜನರ ಗುಟ್ಟು ಈ ಮನುಷ್ಯನ ಒಳಗಿದೆ. ಮನೆಗೆ ಬಂದು ರೊಟ್ಟಿ ತಿಂದು ಮಲಗುತ್ತಾನೆ, ಕನಸಿನಲ್ಲೂ ಒಂದನ್ನು ಆಡಿಲ್ಲ.

ಅಬ್ಬಾ ಅನಿಸಿತಂತೆ ಅವಳಿಗೆ. ಹೊಳೆಯಾಚೆಯ ಬೆಟ್ಟ ನೋಡಿದಾಗಲೂ ಹಾಗೆ ಅನಿಸಿರಲಿಲ್ಲ ಅಂದಳು.

"ಕೈ ಕೊಡು," ಅಂದ ಫಕೀರಪ್ಪ.

ಅವಳ ಕೈ ಮೇಲೆ ಟವೆಲ್ ಹೊದಿಸಿ, ಕೆಳಗೆ ತನ್ನ ಕೈ ತಂದ. ಹಗ್ಗ ಹಿಡಿದು ಹಿಡಿದು ಒರಟಾದ ಕೈ. ಚಿಕ್ಕವಳಿದ್ದಾಗ ಹಿಡಿದದ್ದು, ಆಮೇಲೆ ಅವಳು ಹಿಡಿದಿರಲಿಲ್ಲ. ಅವನ ಬೆರಳುಗಳು ಏನೋ ಕೇಳಿದವು. ಅವಳ ಬೆರಳುಗಳು ಏನೋ ಹೇಳಿದವು. ಇಬ್ಬರೂ ಎತ್ತ ಕಡೆಯೋ ನೋಡುತ್ತಿದ್ದರು.

"ಚಾ ಕುಡಿತಿಯೇನು?"

"ಕುಡಿತೀನಪ್ಪ."

ಟವೆಲಿನ ಕೆಳಗೆ ಅವಳು ಎಷ್ಟು ಹೇಳಿದಳು, ಅಪ್ಪ ಎಷ್ಟಕ್ಕೆ ಒಪ್ಪಿದ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ಇವತ್ತಿನ ತನಕ ಹೇಳಿಲ್ಲ, ಮಹಾ ಹಟಮಾರಿ.

ಬುಧವಾರ ಬೆಳಿಗ್ಗೆ ಅವಳು ಬಂದಾಗ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

"ರೇಟು ತಂದೀಯೇನು?"

"ಇಲ್ರಿ."

"ಯಾಕ?"

"ಕೇಳಬಾರದಿತ್ರಿ, ಗುರುಗಳ."

ಅವಳು ಚೀಲದಿಂದ ಪತ್ರ ತೆಗೆದಳು. ಬೀಜದ ಕಂಪನಿಯ ಮಾತಿದ್ದ ಹಾಳೆಯನ್ನು ಚೂರುಚೂರು ಹರಿದಳು. ಹೊಳೆಗೆ ಎಸೆಯಲು ಕೈ ಎತ್ತಿದಳು.

"ತಡಿ," ಅಂದರು ಗುರುಗಳು. "ಕೆಳಗ ಬಟ್ಟಿ ಒಗಿಯೋರು ಅದಾರ. ಓದಾಕ ಬರ್ತೈತಿ ಅವರಿಗೆ."

ಒಲೆಗೆ ಹಾಕಿದೆವು. ನಾನೇ ಕೋಲಿನಿಂದ ಕೆದಕಿ ಬೂದಿ ಮಾಡಿದೆ.

ಕಸ್ತೂರಿ ಒಲೆಯ ಮುಂದೇ ನಿಂತಿದ್ದಳು. "ನಾ ಅದನ್ನ ಹಂಗ ಕಳಿಸಿಬಿಟ್ಟಿದ್ರ, ಗುರುಗಳ?"

"ಆ ಪತ್ರ ಅಲ್ಲೆ ಎಷ್ಟ ಮಂದಿ ಓದತಿದ್ರು?"

"ಗೊತ್ತಿಲ್ರಿ."

"ನನಗೂ ಗೊತ್ತಿಲ್ಲ."

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಈಗ ಪತ್ರದಾಗ ಏನ್ ಉಳೀತ್ರಿ? ಹೆಸರು, ಊರು, ಮಾರ್ಕ್ಸು. ಎಲ್ಲಾರಿಗೂ ಅಷ್ಟ ಇರ್ತಾವ. ನನ್ನ ಯಾಕ ತಗೋತಾರ?"

"ಒಂದು ಸಾಲು ಸುಳ್ಳ ಐತಿ. ಅದನ್ನ ಮೊದಲ ತಿದ್ದು."

ಯಾವ ಸಾಲು ಅಂತ ಅವಳು ಕೇಳಲಿಲ್ಲ. ವ್ಯಾಪಾರ ಅನ್ನುವುದನ್ನು ಹೊಡೆದುಹಾಕಿ, ದನದ ಸಂತೆಯ ದಲ್ಲಾಳಿ ಅಂತ ಬರೆದಳು. ಬರೆದ ಮೇಲೆ ಪೆನ್ನು ನಿಲ್ಲಲಿಲ್ಲ. ಅಪ್ಪ ಏನು ಮಾಡುತ್ತಾನೆ, ಹೇಗೆ ಮಾಡುತ್ತಾನೆ, ಇಬ್ಬರು ಅಪರಿಚಿತರು ಅವನನ್ನು ಯಾಕೆ ನಂಬುತ್ತಾರೆ, ಅವಳಿಗೆ ಆ ಕೆಲಸ ಯಾಕೆ ಬೇಕು. ಅರ್ಧ ಪುಟ. ಅದರಲ್ಲಿ ಒಂದು ಹೆಸರಿಲ್ಲ, ಒಂದು ಅಂಕಿಯಿಲ್ಲ. ನಾನು ಓದಿದೆ. ಹೊಟ್ಟೆಕಿಚ್ಚಾಯಿತು, ಅಷ್ಟು ಚೆನ್ನಾಗಿತ್ತು. 

ಗುರುಗಳು ಒಂದು ಹಾಳೆ ತೆಗೆದುಕೊಂಡು ಏನೋ ಬರೆದರು. ಎರಡು ನಿಮಿಷವೂ ಹಿಡಿಯಲಿಲ್ಲ. ಮಡಚಿ ಲಕೋಟೆಗೆ ಹಾಕಿ ಅಂಟಿಸಿದರು.

"ಏನ್ ಬರದ್ರಿ, ಗುರುಗಳ?"

ಗುರುಗಳು ಪಂಚೆಯ ಚುಂಗನ್ನು ಲಕೋಟೆಯ ಮೇಲೆ ಹೊದಿಸಿದರು. ಮೂವರೂ ನಕ್ಕೆವು.

ಒಂದು ತಿಂಗಳ ಮೇಲೆ ಮುಂಬಯಿಯಿಂದ ಕರೆ ಬಂತು. ಇಪ್ಪತ್ತನೆಯ ಮಾಳಿಗೆ, ಗಾಜಿನ ಗೋಡೆ, ಕೆಳಗೆ ಸಮುದ್ರ. ಮೇಜಿನಾಚೆ ಮೂವರು. ನಡುವೆ ಕೂತಿದ್ದವರು ಬೆಳ್ಳಿಗೂದಲಿನ ಹಿರಿಯ ಹೆಂಗಸು, ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು.

ಕಾನೂನಿನ ಪ್ರಶ್ನೆ ಕೇಳಿದರು. ಉತ್ತರ ಹೇಳಿದಳು. ಒಂದಕ್ಕೆ ತಪ್ಪು ಹೇಳಿ, ತಪ್ಪಾಯಿತು ಅಂತ ಒಪ್ಪಿಕೊಂಡು ತಿದ್ದಿಕೊಂಡಳು.

ಆಮೇಲೆ ಹಿರಿಯ ಹೆಂಗಸು ಪೆನ್ನು ಕೆಳಗಿಟ್ಟರು.

"ಎರಡು ವರ್ಷ ಗುರುಶಾಂತಯ್ಯನವರ ಹತ್ತಿರ ಇದ್ದೀರಿ. ಅಲ್ಲಿ ನೀವು ನೋಡಿದ ದೊಡ್ಡ ವ್ಯವಹಾರ ಯಾವುದು?"

"ಒಂದನ್ನು ನೋಡಿದ್ದೇನೆ, ಮೇಡಂ. ಹೇಳುವ ಹಾಗಿಲ್ಲ."

"ಹೆಸರು ಬೇಡ. ಎಷ್ಟರ ವ್ಯವಹಾರ ಅಂತ ಹೇಳಿ, ಸಾಕು."

"ಅದನ್ನೂ ಹೇಳುವ ಹಾಗಿಲ್ಲ."

ಪಕ್ಕದಲ್ಲಿದ್ದವರು ಕುರ್ಚಿಗೆ ಒರಗಿದರು. "ಇಲ್ಲಿ ಇರುವವರೆಲ್ಲ ವಕೀಲರೇ. ಈ ಕೋಣೆ ಬಿಟ್ಟು ಮಾತು ಹೊರಗೆ ಹೋಗುವುದಿಲ್ಲ. ನಿಮ್ಮ ಅನುಭವವನ್ನೇ ಹೇಳದಿದ್ದರೆ ನಿಮ್ಮನ್ನು ತೆಗೆದುಕೊಳ್ಳುವುದು ಹೇಗೆ?"

ಎಂಟೇ ಜಾಗ. ಸೋದರಮಾವ ನೋಡಿಟ್ಟ ವರ ಕಸ್ತೂರಿಯ ಕಣ್ಣ ಮುಂದೆ ಬಂದ. ಒಂದು ಹೆಸರು ಹೇಳಿದರೆ ಮುಗಿಯಿತು. ಮೇಜಿನ ಕೆಳಗೆ ಅವಳು ದುಪಟ್ಟಾದ ಸೆರಗನ್ನು ಬಲಗೈ ಮೇಲೆ ಎಳೆದುಕೊಂಡಳು.

"ಆ ಮಾತು ನನ್ನದಲ್ಲ, ಸರ್. ಅವರು ಗುರುಗಳನ್ನು ನಂಬಿ ಹೇಳಿದ್ದು. ನಾನು ಅಲ್ಲಿ ನೀರು ಕೊಡಲು ಹೋದವಳು. ಇದರಿಂದ ಕೆಲಸ ಸಿಗದಿದ್ದರೆ ಬೇಡ, ನಾನು ಊರಿಗೆ ಹೋಗುತ್ತೇನೆ."

ಎದ್ದು ಹೋಗಬೇಕೋ ಕೂತಿರಬೇಕೋ ಅವಳಿಗೆ ತಿಳಿಯಲಿಲ್ಲ.

ಹಿರಿಯ ಹೆಂಗಸು ಕಡತದಿಂದ ಒಂದು ಹಾಳೆ ತೆಗೆದು ಅವಳ ಮುಂದೆ ಸರಿಸಿದರು. ಗುರುಗಳ ಅಕ್ಷರ. ಮೂರೇ ಸಾಲು.

"ಈ ಹುಡುಗಿ ಎರಡು ವರ್ಷ ನನ್ನ ಕೋಣೆಯಲ್ಲಿ ಕೂತಿದ್ದಾಳೆ. ಅಲ್ಲಿ ಏನು ನೋಡಿದೆ ಎಂದು ಕೇಳಿ. ಹೇಳಿದರೆ ತೆಗೆದುಕೊಳ್ಳಬೇಡಿ."

ಕಸ್ತೂರಿ ಅದನ್ನು ಎರಡು ಸಲ ಓದಿದಳು.

ಆ ಹಿರಿಯ ಹೆಂಗಸು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಿಮ್ಮ ತಂದೆ ಟವೆಲ್ ಹೇಗೆ ಹಿಡಿಯುತ್ತಾರೆ? ನನಗೊಮ್ಮೆ ತೋರಿಸುತ್ತೀರಾ?" ಅಂತ ಚಿಕ್ಕ ಹುಡುಗಿಯ ಹಾಗೆ ಕೈ ಚಾಚಿದರು.

ಆದೇಶ ಬಂದ ದಿನ ಕಸ್ತೂರಿ ಪೇಢೆಯ ಪೊಟ್ಟಣ ಹಿಡಿದುಕೊಂಡು ಆಶ್ರಮಕ್ಕೆ ಬಂದಳು. ಫಕೀರಪ್ಪನೇ ಬೈಕಿನ ಮೇಲೆ ಕರೆತಂದ. ಗೇಟಿನ ಹೊರಗೇ ನಿಂತ. ಅಲ್ಲಿಂದಲೇ ಕೈಮುಗಿದ.

ಗುರುಗಳು ಎದ್ದು ನಿಂತರು.

"ನೋಡ್ರಿ ಗುರುಗಳ," ಅಂದಳು ಕಸ್ತೂರಿ. ಸಂತೋಷಕ್ಕೂ ಸಿಟ್ಟಿಗೂ ಅವಳ ಕಣ್ಣಲ್ಲಿ ನೀರು. "ಇವತ್ತರೆ ಒಳಗ ಬಾ ಅಂದ್ರ ಬರವಲ್ಲ. ಯಾಕ ಅಂದ್ರ ಚಾ ಕುಡಿತಿಯೇನು ಅಂತಾನ. ನಿಮಗ ನಮ್ಮಪ್ಪ ಮೊದಲ ಗೊತ್ತೇನ್ರಿ?"

ಗುರುಗಳು ಗೋಡೆಯ ಮೇಲಿನ ಕಪ್ಪು ಕೋಟಿನ ಕಡೆ ನೋಡಿದರು.

"ಮೂವತ್ತೈದು ವರ್ಷದ ಹಿಂದ," ಅಂದರು, "ಆ ಕೋಟು ಹೊಸದಿತ್ತು. ಕೇಸು ಒಂದೂ ಇರಲಿಲ್ಲ. ಮನ್ಯಾಗ ಒಲಿ ಹೊತ್ತಿ ಎರಡ ದಿನ ಆಗಿತ್ತು."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೂರು ವರ್ಷದಲ್ಲಿ ಅವರು ತಮ್ಮ ವಿಷಯ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಅಪ್ಪನ ಎತ್ತು ಹೊಡಕೊಂಡು ಸಂತಿಗೆ ಹೋದೆ. ತಲಿಗೆ ವಸ್ತ್ರ ಸುತ್ತಿಕೊಂಡಿದ್ದೆ, ಗುರುತು ಸಿಗಬಾರದು ಅಂತ. ಮನ್ಯಾಗಿನ ಎತ್ತು ಮಾರಿ ತಿನ್ನೂ ವಕೀಲನ ಕಡೆ ಒಪ್ಪಂದ ಬರಸಾಕ ಯಾರ್ ಬರ್ತಾರ? ಸುದ್ದಿ ಆಗಿದ್ರ ಆವತ್ತಿಗೆ ನನ್ನ ಕೋಟು ಮೊಳಿಗೆ ಹೋಗತಿತ್ತು."

ಅವರು ಕಂಬ ಹಿಡಿದುಕೊಂಡರು.

"ಒಬ್ಬ ಹುಡುಗ ದಲ್ಲಾಳಿ ಟವೆಲ್ ಹಾಸಿದ. ನನ್ನ ಕೈ ನಡಗತಿತ್ತು. ಗಟ್ಟಿಯಾಗಿ ಹಿಡಕೊಂಡ. ಮ್ಯಾಲ ಮಳಿ ಸುದ್ದಿ ಮಾತಾಡ್ಕೋತ ನಿಂತ. ನಾ ವಕೀಲ ಅಂತ ನಿಮ್ಮಪ್ಪಾರಿಗೆ ಗೊತ್ತಾಗಿತ್ತು. ಮರುದಿನ ಪ್ಯಾಟ್ಯಾಗ ಎದುರಿಗೆ ಬಂದ್ರು, ಕಂಡೇ ಇಲ್ಲ ಅನ್ನೂಹಂಗ ಹೋದ್ರು. ಇವತ್ತಿಗೂ ಈ ಗೇಟು ದಾಟಂಗಿಲ್ಲ. ದಾಟಿದ್ರ, ನಿಮಗ ಇವರು ಹ್ಯಾಂಗ ಪರಿಚಯ ಅಂತ ಯಾರರೆ ಕೇಳ್ತಾರಲ್ಲ."

ಕಸ್ತೂರಿ ಗೇಟಿನ ಕಡೆ ತಿರುಗಿದಳು. ಫಕೀರಪ್ಪ ಮಗಳು ಕೂರುವ ಜಾಗ ಬಿಸಿಲಿಗೆ ಕಾದಿರುತ್ತದೆ ಅಂತ ಬೈಕಿನ ಸೀಟಿನ ಮೇಲೆ ಟವೆಲ್ ಹಾಸುತ್ತಿದ್ದ.

ಅವಳು ಪೇಢೆಯ ಪೊಟ್ಟಣ ಕೆಳಗಿಟ್ಟು ಗುರುಗಳ ಪಾದ ಮುಟ್ಟಲು ಬಗ್ಗಿದಳು. ಗುರುಗಳು ಸರಕ್ಕನೆ ಹಿಂದೆ ಸರಿದರು. ನೋವಿನ ಕಾಲನ್ನು ಎಳೆದುಕೊಂಡೇ ಮೆಟ್ಟಿಲು ಇಳಿಯತೊಡಗಿದರು.

"ನನಗ ಬ್ಯಾಡವ್ವ. ನಮ್ಮಿಬ್ಬರ ಗುರುಗಳು ಬಿಸಲಾಗ ನಿಂತಾರ, ನಡಿ."